ಬಾಯಿಗೆ ರಜೆ, ಕೈಗೆ ಬ್ಯಾಟು

ಜೂನ್ 9, ಸೋಮವಾರ

ಆರು ವಾರ ಮಾತಾಡಕೂಡದಂತೆ. ಪಿಸುಗುಟ್ಟಲೂ ಕೂಡದು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳಲೂ ಕೂಡದು. ಗಂಟಲಿನ ಡಾಕ್ಟರು ನಮ್ಮ ಆಸ್ಪತ್ರೆಯವರೇ, ದಿನಾ ನನ್ನ ಕಿಟಕಿಯ ಮುಂದೆಯೇ ಹಾದುಹೋಗುವವರು. ಸಣ್ಣ ಕನ್ನಡಿ ಇಳಿಸಿ ನೋಡಿ, “ದನಿಯ ತಂತಿ ಮೇಲೆ ಎರಡು ಗಂಟಿದೆ, ಅಕ್ಕಿಕಾಳಿನಷ್ಟು. ಬಾಯಿಗೆ ರಜೆ ಕೊಟ್ರೆ ಕರಗಬಹುದು. ಇಲ್ಲಾಂದ್ರೆ ಕತ್ತರಿಸಬೇಕಾಗುತ್ತೆ. ಆಮೇಲೆ ಈ ದನಿಯೇ ಇರುತ್ತೆ ಅಂತ ನಾನು ಮಾತು ಕೊಡಲ್ಲ” ಎಂದರು. ನಾನು ಏನೋ ಕೇಳಲು ಬಾಯಿ ತೆರೆದೆ. “ಈಗಿಂದಲೇ!” ಎಂದು ಬೆರಳೆತ್ತಿದರು, ಮಕ್ಕಳಿಗೆ ಎತ್ತಿದ ಹಾಗೆ.

ಹೊರರೋಗಿಗಳ ನೋಂದಣಿ ಕಿಟಕಿಯಲ್ಲಿ ಕೂರುವವಳಿಗೆ ಇಂಥ ಶಿಕ್ಷೆ. ಗಾಜಿನಲ್ಲಿ ಅಂಗೈಯಗಲದ ಒಂದು ತೂತು. ಅದರೊಳಗಿಂದಲೇ ಹೆಸರು ಕೇಳಬೇಕು, ವಯಸ್ಸು ಕೇಳಬೇಕು, ಜಗಳ ಬಿಡಿಸಬೇಕು, ಅಳುವವರಿಗೆ “ಏನೂ ಆಗಲ್ಲ, ಧೈರ್ಯವಾಗಿರಿ” ಅನ್ನಬೇಕು. ಆ ಒಂದು ಮಾತನ್ನು ನಾನು ಎಷ್ಟು ಸಾವಿರ ಸಲ ಅಂದಿದ್ದೇನೋ. ಎಷ್ಟೋ ಜನ ಅದನ್ನು ಕೇಳಿಯೇ ಅರ್ಧ ವಾಸಿಯಾಗಿ ಹೋಗಿದ್ದಾರೆ ಅಂತ ನನ್ನ ನಂಬಿಕೆ.

ಈಚೆಗೆ ಮನೆಯಲ್ಲೂ ಅದೇ ಕೆಲಸ. ಮಗ ರೈಲಿನ ಎಂಜಿನ್ನಿನಲ್ಲಿ ಸಹಾಯಕ ಚಾಲಕ. ಏಪ್ರಿಲ್ ಕೊನೆಯಲ್ಲಿ ಹಳಿ ದಾಟುತ್ತಿದ್ದ ವಯಸ್ಸಾದವರೊಬ್ಬರು ಅವನ ರೈಲಿಗೆ ಸಿಕ್ಕು ಹೋಗಿಬಿಟ್ಟರು. ವಿಚಾರಣೆ ನಡೆಯಿತು. ಚಾಲಕರದ್ದಾಗಲಿ ಸಹಾಯಕನದ್ದಾಗಲಿ ಏನೂ ತಪ್ಪಿಲ್ಲ ಎಂದರು, ವಿಶ್ರಾಂತಿಗೆಂದು ರಜೆಯನ್ನೂ ಕೊಟ್ಟರು. ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಾನೆ. ಮತ್ತೆ ಎಂಜಿನ್ ಹತ್ತುತ್ತೀಯೋ, ಕಚೇರಿಯ ಕೆಲಸ ಸಾಕೋ, ಜುಲೈ ಮುಗಿಯುವುದರೊಳಗೆ ಹೇಳು ಅಂತ ಮೇಲಿನವರು ಕೇಳಿದ್ದಾರೆ. ಬಾಗಿಲ ಈಚೆ ನಿಂತು ನಾನು ಹೇಳದ ಮಾತಿಲ್ಲ. “ನಿನ್ನ ತಪ್ಪಲ್ಲ ಕಣೋ. ರೈಲೇನು ಸೈಕಲ್ಲಾ, ಕಾಲೂರಿ ನಿಲ್ಲಿಸೋಕೆ? ಮರೆತುಬಿಡು. ಎದ್ದು ಬಾ, ಊಟ ಮಾಡು.” ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಡುವೆ ಹೊಳೆದಾಗಲೆಲ್ಲ.

ಮಗನಿಗೆ ತಾಯಿಯ ಮಾತು ಬೇಕಾದ ಹೊತ್ತಲ್ಲೇ ನನ್ನ ಬಾಯಿಗೆ ಬೀಗ ಬೀಳಬೇಕಾ?

ಆಡದ ಮಾತನ್ನೆಲ್ಲ ಎಲ್ಲಿ ಸುರಿಯಲಿ ಎಂದು ಕೈಸನ್ನೆ ಮಾಡಿದ್ದಕ್ಕೆ ಇವರು ತಮ್ಮ ಕನ್ನಡಕದ ಅಂಗಡಿಯಿಂದ ಈ ಡೈರಿ ತಂದುಕೊಟ್ಟರು. ಜೊತೆಗೊಂದು ಮಕ್ಕಳ ಸ್ಲೇಟು.

ಜೂನ್ 11, ಬುಧವಾರ

ಮಾತು ಬೆಳ್ಳಿ, ಮೌನ ಬಂಗಾರ ಅಂದವರ ಮನೆಯಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಅಕ್ಕ ಫೋನ್ ಮಾಡಿದಳು. ನಾನು ಮಾತಾಡುವಂತಿಲ್ಲವೆಂದು ಗೊತ್ತಿದ್ದೂ “ಹಲೋ ಅನ್ನೇ, ಹಲೋ ಅಂದ್ರೆ ಏನಾಗುತ್ತೆ?” ಎಂದು ಗೋಗರೆದಳು. ಇವರು ಫೋನ್ ಕಸಿದುಕೊಂಡು ಅವಳೊಡನೆ ಬಹಳ ಹೊತ್ತು ಮಾತಾಡಿದರು. ಇವರಿಗೆ ಇಷ್ಟು ಮಾತು ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ನಡುನಡುವೆ ನಗುತ್ತಾರೆ ಬೇರೆ.

ಊಟಕ್ಕೆ ಕರೆಯಲು ಮಗನ ಬಾಗಿಲು ತಟ್ಟಿದೆ. ತಟ್ಟಿ ಸುಮ್ಮನೆ ನಿಂತೆ. ಬೇರೆ ಏನು ಮಾಡಲಿ? ಬಂದ, ಅರ್ಧ ತಟ್ಟೆ ಉಂಡ, ಹೋದ.

ಸಂಜೆ ಇವರು, “ಹೀಗೆ ಮನೇಲಿ ಕೂತ್ರೆ ನೀನು ನಿದ್ದೇಲಿ ಮಾತಾಡಿಬಿಡ್ತೀಯ. ಮಾತೇ ಬೇಡದ ಕಡೆ ಹೋಗಿ ಬಾ” ಎಂದರು. ಗ್ರಂಥಾಲಯವೇ ಎಂದು ಸ್ಲೇಟಿನಲ್ಲಿ ಬರೆದೆ. “ಬೇಡ ಮಾರಾಯ್ತಿ, ಅಲ್ಲಿ ಎಲ್ಲರನ್ನೂ ಮಾತಾಡಿಸಬೇಕು ಅನ್ಸುತ್ತೆ ನಿನಗೆ.” ನೀರಿನ ಟ್ಯಾಂಕಿನ ಹಿಂದೆ ಟೇಬಲ್ ಟೆನಿಸ್ ಆಡುವ ಹಾಲ್ ಇದೆಯಲ್ಲ, ಅದನ್ನು ನೆನಪಿಸಿದವರೂ ಇವರೇ. ಕಾಲೇಜಿನಲ್ಲಿ ಆಡಿದ್ದೆನೆಂದು ಮದುವೆಯಾದ ಹೊಸತರಲ್ಲಿ ಜಂಬ ಕೊಚ್ಚಿದ್ದೆನಂತೆ.

ಜೂನ್ 13, ಶುಕ್ರವಾರ

ಹೋದೆ. ತಗಡಿನ ಚಾವಣಿ, ಎರಡು ಟೇಬಲ್ಲು, ಗೋಡೆಗೆ ಒರಗಿಸಿದ ಮಡಿಚುವ ಕುರ್ಚಿಗಳು. ಪೆಟ್ಟಿಗೆಯಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಬ್ಯಾಟುಗಳು. ಅವುಗಳ ರಬ್ಬರು ಬೋಳು ತಲೆಯಂತೆ ನುಣುಪು. ಚೆಂಡು ಅದಕ್ಕೆ ತಾಗಿ ಜಾರಿ ನೆಟ್ಟಿಗೆ ಬೀಳುತ್ತದೆ. ಮೊದಮೊದಲು ನನ್ನದೇ ತಪ್ಪೆಂದುಕೊಂಡೆ. ಆಮೇಲೆ ಬ್ಯಾಟಿನದು ಅನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಅಂದಾರೆಂದು ನನ್ನಷ್ಟಕ್ಕೆ ನಾನೇ ಅಂದುಕೊಂಡೆ.

ಅಲ್ಲಿಗೆ ದಿನಾ ಬರುವವರು ಒಬ್ಬರು, ಬ್ಯಾಂಕಿನಿಂದ ನಿವೃತ್ತರು. ಎಲ್ಲರೂ ಚಾಂಪಿಯನ್ ಅನ್ನುತ್ತಾರೆ. ನನ್ನ ಸ್ಲೇಟು ನೋಡಿ, “ಓ, ಮೌನವ್ರತ! ಪರವಾಗಿಲ್ಲ ಮೇಡಂ, ಇಬ್ಬರ ಪಾಲಿಂದೂ ನಾನೇ ಮಾತಾಡ್ತೀನಿ” ಎಂದರು. ಹಾಗೇ ಮಾಡಿದರು ಕೂಡ. ಬ್ಯಾಟು ಕೊಳ್ಳುವುದಾದರೆ ಕಾರ್ಬನ್ ಪದರ ಇರುವುದನ್ನೇ ಕೊಳ್ಳಬೇಕಂತೆ, ರಬ್ಬರು ಅಂಟಂಟಾಗಿರಬೇಕಂತೆ, ಅಂತರರಾಷ್ಟ್ರೀಯ ಆಟಗಾರರೆಲ್ಲ ಅದನ್ನೇ ಹಿಡಿಯುವುದಂತೆ. ತಮ್ಮದನ್ನು ಕೈಗೆ ಕೊಟ್ಟರು. ಮುಟ್ಟಿಸಿದೆನಷ್ಟೆ, ಚೆಂಡು ಟೇಬಲ್ಲನ್ನು ಲೆಕ್ಕಕ್ಕೇ ಇಡದೆ ಕಿಟಕಿಯ ಸರಳಿಗೆ ಬಡಿಯಿತು. “ನೋಡಿ ಹೇಗಿದೆ ಪವರ್ರು!” ಎಂದು ಹಿಗ್ಗಿದರು. ಅಡ್ಡಿಯಿಲ್ಲ, ಪವರ್ರೇನೋ ಇದೆ. ಆಟ ಎಲ್ಲಿದೆ?

ಮನೆಗೆ ಬಂದಾಗ ತೋಳು ಸೋತಿತ್ತು. ಎಷ್ಟೋ ದಿನದ ಮೇಲೆ ಹಸಿವಾಯಿತು.

ಜೂನ್ 17, ಮಂಗಳವಾರ

ಹಾಳು ಕಿವಿ ಚುರುಕಾಗಿದೆ. ಹಾಲಿನ ಹೊರಗೆ ನಿಂತೇ ಯಾರು ಆಡುತ್ತಿದ್ದಾರೆಂದು ಹೇಳಬಲ್ಲೆ. ಚಾಂಪಿಯನ್‌ರದು ಟಿಣ್. ಪೆಟ್ಟಿಗೆಯ ಬ್ಯಾಟಿನದು ಚಪ್, ಒದ್ದೆ ಚಪ್ಪಲಿಯ ಹಾಗೆ.

ಮಗ ಕೋಣೆಯಲ್ಲಿ ಮಂಚದಿಂದ ಕಿಟಕಿಗೂ ಕಿಟಕಿಯಿಂದ ಮಂಚಕ್ಕೂ ಓಡಾಡುತ್ತಾನೆ. ಇಷ್ಟು ದಿನವೂ ಹೀಗೇ ಓಡಾಡುತ್ತಿದ್ದನೋ, ಈಗ ಶುರುವಾದದ್ದೋ.

ಜೂನ್ 19, ಗುರುವಾರ

ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಮಗನ ಶಾಲೆಯ ಕಾಲದ ಬ್ಯಾಟು ಹುಡುಕಿದೆ. ಧೂಳು ಹೊಡೆದು, ನೆಲಕ್ಕೆ ಕೂತು, ಒದ್ದೆಬಟ್ಟೆಯಿಂದ ಒರೆಸುತ್ತಿದ್ದರೆ ರಬ್ಬರು ಪುಡಿಪುಡಿಯಾಗಿ ಮಡಿಲಿಗೆ ಉದುರಿತು. ಸದ್ದಿಗೋ ಏನೋ ಅವನ ಬಾಗಿಲು ತೆರೆಯಿತು.

“ಅದರಲ್ಲಿ ಆಡ್ಬೇಡ ಅಮ್ಮ” ಎಂದ. “ರಬ್ಬರ್ ಸತ್ತುಹೋಗಿದೆ.”

ನಾನು ತಲೆಯೆತ್ತಿ ನೋಡಿದೆ. ಗಡ್ಡ ಬಂದಿದೆ. ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬ್ಯಾಟನ್ನು ಕೈಗೆ ತಗೊಂಡ. ಉಗುರಿನಿಂದ ರಬ್ಬರನ್ನು ಅಂಚಿನಲ್ಲಿ ಎಬ್ಬಿಸಿ ಚರ್ಮ ಸುಲಿದಂತೆ ಸುಲಿದ. ಅಡಿಯ ಮರ ಬೆಳ್ಳಗೆ, ಹೊಸದರಂತೆ. “ಮರ ಇನ್ನೂ ಚೆನ್ನಾಗಿದೆ. ಆದ್ರೆ ನಿನ್ನ ಕೈಗೆ ಭಾರ. ಹಿಡಿನೂ ದಪ್ಪ.” ನನ್ನ ಕೈ ಹಿಡಿದು ಅದರೊಳಗೆ ಬ್ಯಾಟಿಟ್ಟು ನೋಡಿದ. “ಊಹೂಂ. ಎರಡೇ ದಿನಕ್ಕೆ ಮಣಿಕಟ್ಟು ನೋಯುತ್ತೆ.”

ಇಷ್ಟೇ. ಎದ್ದು ಹೋದ. ಮಾತಾಡುವಂತಿದ್ದರೆ ಹೇಗಾದರೂ ಮಾಡಿ ಹಿಡಿದು ಕೂರಿಸುತ್ತಿದ್ದೆ. ಗಡ್ಡ ಬೋಳಿಸು ಅಂತಲಾದರೂ ಹೇಳುತ್ತಿದ್ದೆ.

ಜೂನ್ 22, ಭಾನುವಾರ

ಮಧ್ಯಾಹ್ನ ಹಾಲ್ ಖಾಲಿಯಿರುತ್ತದೆ ಅಂತ ಸ್ಲೇಟಿನಲ್ಲಿ ಬರೆದು ಅವನ ಮುಂದಿಟ್ಟೆ. ಬಾ ಅಂತ ಬರೆಯಲಿಲ್ಲ, ಜಾಗ ಸಾಲಲಿಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವನೂ ಶರ್ಟು ಹಾಕಿಕೊಂಡು ಬಂದ.

ಮಗ ನನ್ನೆದುರು ನಿಂತು ಆಡಿ ಹತ್ತು ವರ್ಷವೇ ಆಗಿರಬೇಕು. ಹೆಚ್ಚು ಓಡಾಡುವುದೇ ಇಲ್ಲ, ಇದ್ದಲ್ಲೇ ನಿಂತು ಚೆಂಡನ್ನು ಮೆಲ್ಲಗೆ ನನ್ನ ಬ್ಯಾಟಿಗೇ ತಂದುಕೊಡುತ್ತಾನೆ. ನಾನೋ, ಹೊಡೆದದ್ದೆಲ್ಲ ಹೊರಗೆ. ಸ್ವಲ್ಪ ಹೊತ್ತಿನ ಮೇಲೆ ಬಳಿ ಬಂದು, “ಅಮ್ಮ, ಚೆಂಡು ಬ್ಯಾಟಿಗೆ ತಾಗಿದ ಮೇಲೆ ಒಂದು ಚೂರು ಹೊತ್ತು ಅಲ್ಲೇ ಇರುತ್ತೆ. ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗುತ್ತೆ. ಆ ಹೊತ್ತಲ್ಲೇ ಅದಕ್ಕೆ ಎಲ್ಲಿಗೆ ಹೋಗು ಅಂತ ಹೇಳೋದು. ಈ ಬೋಳು ಬ್ಯಾಟಲ್ಲಿ ಅದು ಗೊತ್ತಾಗಲ್ಲ, ಕಾರ್ಬನ್ ಬ್ಯಾಟಲ್ಲೂ ಗೊತ್ತಾಗಲ್ಲ. ಅದಕ್ಕೇ ನಿನಗೆ ಕೈ ಕೂಡ್ತಿಲ್ಲ” ಎಂದ.

ಹಾಗಾದರೆ ಎಂಥದು ಬೇಕು ಎಂದು ಹುಬ್ಬೆತ್ತಿ ಕೇಳಿದೆ.

“ಹೋಗಿ ನೋಡೋಣ” ಎಂದ. ನೋಡೋಣ! ಇಬ್ಬರೂ ಅಂದ ಹಾಗಾಯಿತಲ್ಲ.

ಜೂನ್ 28, ಶನಿವಾರ

ಅಂಗಡಿ ಮಾರುಕಟ್ಟೆಯ ರಸ್ತೆಯಲ್ಲಿ ಮಹಡಿಯ ಮೇಲೆ. ಹೊಸ ಚೆಂಡು, ಚರ್ಮ, ರಬ್ಬರು ಎಲ್ಲ ಕೂಡಿದ ಒಂದು ವಾಸನೆ. ಅಂಗಡಿಯವರಿಗೆ ನನ್ನ ಸ್ಲೇಟು ತೋರಿಸಿದ್ದೇ ತಪ್ಪಾಯಿತು. ಮಾತಿಲ್ಲದವಳಿಗೆ ಕಿವಿಯೂ ಇರಲಾರದೆಂದು, “ಬ್ಲೇಡ್ ಬೇಕಾ ಮೇಡಂ, ರೆಡಿ ಬ್ಯಾಟ್ ಬೇಕಾ?” ಎಂದು ಬೀದಿಗೆ ಕೇಳುವಂತೆ ಕೂಗಿದರು. ಬ್ಲೇಡ್ ಅಂದರೆ ಗಡ್ಡ ಹೆರೆಯುವುದಲ್ಲ, ಬ್ಯಾಟಿನ ಮರ. ಅದನ್ನು ಬೇರೆ, ಎರಡೂ ಕಡೆಯ ರಬ್ಬರನ್ನು ಬೇರೆ ಕೊಂಡು ಕೈಗೆ ಹೊಂದುವಂತೆ ಕೂಡಿಸಿಕೊಳ್ಳುವುದಂತೆ.

“ಮೇಡಂ ಹೇಗೆ ಆಡ್ತಾರೆ?” ಎಂದು ಮಗನನ್ನು ಕೇಳಿದರು.

ಅವನು, “ಬಂದ ಚೆಂಡು ಒಂದನ್ನೂ ಬಿಡಲ್ಲ. ಎಲ್ಲಾನೂ ವಾಪಸ್ ಕಳಿಸ್ಬೇಕು ಅಂತ ನೋಡ್ತಾರೆ. ಆದ್ರೆ ಅವಸರ. ಚೆಂಡು ಬರೋಕೆ ಮುಂಚೆನೇ ಬೀಸಿಬಿಡ್ತಾರೆ” ಎಂದ.

ನನ್ನನ್ನು ಇಷ್ಟು ನೋಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅವನ ಕಣ್ಣು ನೆಲ ಬಿಟ್ಟು ಏಳುವುದಿಲ್ಲವೆಂದುಕೊಂಡಿದ್ದೆ.

“ಹಾಗಾದ್ರೆ ಇದು ತಗೊಳ್ಳಿ. ಕಾರ್ಬನ್. ಕೈ ಆಡಿಸಿದ್ರೆ ಸಾಕು, ಗುಂಡು ಹೊಡೆದಂಗೆ ಹೋಗುತ್ತೆ. ಎದುರಿನವರು ನೋಡೋದ್ರೊಳಗೆ ಪಾಯಿಂಟ್ ಮುಗಿದಿರುತ್ತೆ.”

“ಬೇಡ.”

“ಸ್ಪೀಡ್ ಇದ್ರೇ ಸರ್ ಆಟ ಈಗ. ಎಲ್ರೂ ಸ್ಪೀಡೇ ಕೇಳೋದು...”

“ಸ್ಪೀಡ್ ಬೇಡ ಅಂದ್ನಲ್ಲ! ನಿಲ್ಲಿಸೋಕೆ ಆಗೋದು ಯಾವುದಾದ್ರೂ ಇದ್ರೆ ಕೊಡಿ.”

ಅಂಗಡಿಯೆಲ್ಲ ತಿರುಗಿ ನೋಡಿತು. ಅವನು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಅಂಗಡಿಯವರ ಮೇಲೆ ಹೀಗೆ ಹರಿಹಾಯಬೇಕಿತ್ತೇ? ಒಂದು ಮಾತು ಆಡಿ ಸರಿದೂಗಿಸೋಣವೆಂದರೆ ಬಾಯಿಲ್ಲ. ಅವನ ಕೈಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಹಿಡಿತ ಸಡಿಲವಾಗುವ ತನಕ ತೆಗೆಯಲಿಲ್ಲ. ಅಂಗಡಿಯವರು ಒಳ್ಳೆಯವರು, ಏನೂ ಆಗದವರಂತೆ ಏಣಿ ಹತ್ತಿ ಮೇಲಿನ ಖಾನೆಯಿಂದ ಮೂರು ಪೆಟ್ಟಿಗೆ ಇಳಿಸಿದರು.

ಮೂರೂ ಬರೀ ಮರ, ಐದೈದು ಪದರ. ನೋಡಲು ಅಕ್ಕತಂಗಿಯರಂತೆ. ಹಿಡಿದರೂ ಬೇರೆಯೆನಿಸಲಿಲ್ಲ. ಒಂದೊಂದರ ಮೇಲೂ ಚೆಂಡು ಪುಟಿಸಿದೆ. ಮೊದಲನೆಯದು ಟಿಣ್ ಎಂದಿತು. ಎರಡನೆಯದು ಟಕ್. ಮೂರನೆಯದು ದಪ್ಪ ದನಿಯಲ್ಲಿ ಟೊಕ್, ಬಾಗಿಲನ್ನು ಬೆರಳಗಂಟಿನಿಂದ ಮೆಲ್ಲಗೆ ತಟ್ಟಿದ ಹಾಗೆ. ಅದನ್ನೇ ಎತ್ತಿಟ್ಟುಕೊಂಡೆ.

“ಒಳ್ಳೇ ಕಿವಿ ಮೇಡಂ ನಿಮ್ಮದು” ಎಂದರು ಅಂಗಡಿಯವರು, ಈ ಸಲ ಕೂಗದೆ. “ಸಣ್ಣ ದನಿ ಬಂದ್ರೆ ಬಿಗಿ ಮರ, ಚೆಂಡನ್ನ ಓಡಿಸುತ್ತೆ. ದಪ್ಪ ದನಿದು ಮೆತ್ತಗೆ, ಚೆಂಡನ್ನ ಹಿಡಿದು ಕಳಿಸುತ್ತೆ. ನಿಮಗೆ ಇದೇ ಸರಿ.”

ನನ್ನ ಬಾಯಿಯ ಬಗ್ಗೆ ಊರೆಲ್ಲ ಮಾತಾಡಿದೆ. ಕಿವಿಯನ್ನು ಹೊಗಳಿದವರು ಇವರೊಬ್ಬರೇ.

ಹಿಡಿ ಬುಡದಲ್ಲಿ ಸ್ವಲ್ಪ ಅಗಲವಾಗುವಂಥದು, ಕೈ ಜಾರುವುದಿಲ್ಲ. ರಬ್ಬರಿನಲ್ಲಿ ಅಡಿಯ ಸ್ಪಂಜು ದಪ್ಪವಾದಷ್ಟೂ ಚೆಂಡು ಎಗರುತ್ತದಂತೆ. ಮುಂಗೈ ಕಡೆಗೆ ನಡುವಣ ದಪ್ಪದ್ದು, ಹಿಂಗೈ ಕಡೆಗೆ ಇನ್ನೂ ತೆಳುವಾದದ್ದು ಮಗ ಆರಿಸಿದ, ಎರಡೂ ಚೆಂಡನ್ನು ಚೆನ್ನಾಗಿ ಕಚ್ಚುವಂಥವು. ಅಂಗಡಿಯಲ್ಲೇ ಅಂಟಿಸಿಕೊಡುತ್ತೇವೆಂದರು. “ಬೇಡ, ಮನೇಲಿ ನಾವೇ ಅಂಟಿಸ್ತೀವಿ. ಗೋಂದು ಕೊಡಿ” ಎಂದ. ಮೆಟ್ಟಿಲ ತನಕ ಬಂದವನು ತಿರುಗಿ ಹೋಗಿ “ಸಾರಿ ಸರ್” ಎಂದು ಬಂದ.

ಜೂನ್ 29, ಭಾನುವಾರ

ಹೇಗೆ ಬರೆಯಬೇಕೋ. ಆದದ್ದು ಆದಂತೆ ಬರೆಯುತ್ತೇನೆ.

ಇವರು ಅಂಗಡಿಗೆ ಹೋಗಿದ್ದರು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ನಾನೂ ಅವನೂ ಎದುರುಬದುರು ಕೂತೆವು. ಗೋಂದು ಹಾಲಿನಷ್ಟು ಬೆಳ್ಳಗೆ. ಒಂದು ಸ್ಪಂಜಿನ ತುಂಡಿನಿಂದ ಮರಕ್ಕೂ ಬಳಿಯಬೇಕು, ರಬ್ಬರಿನ ಅಡಿಗೂ ಬಳಿಯಬೇಕು, ಬಿಳುಪು ಹೋಗಿ ತಿಳಿಯಾಗುವ ತನಕ ಕಾಯಬೇಕು. ಅವಸರಪಟ್ಟು ಒತ್ತಿದರೆ ಒಳಗೆ ಗುಳ್ಳೆ ಉಳಿಯುತ್ತದಂತೆ. ಬಳಿದಿಟ್ಟು ಕಾಯುತ್ತ ಕೂತೆವು. ನನ್ನ ಹತ್ತೂ ಬೆರಳು ಅಂಟು. ಸ್ಲೇಟು ಫ್ರಿಜ್ಜಿನ ಮೇಲೆ.

ಅವನು ಗೋಂದನ್ನೇ ನೋಡುತ್ತ, “ಹಾರ್ನು ನನ್ನ ಕೈಲಿತ್ತು ಅಮ್ಮ” ಎಂದ.

ನಾನು ನೋಡಿದೆ.

“ಬ್ರೇಕು ದೊಡ್ಡ ಡ್ರೈವರು ಹಾಕಿದ್ರು. ನಾನು ಹಾರ್ನು ಹೊಡೀತಾನೇ ಇದ್ದೆ. ಹಳಿ ಮೇಲಿದ್ದವರಿಗೆ ಕೇಳಿಸ್ತು. ತಿರುಗಿ ನೋಡಿದ್ರು. ನನ್ನನ್ನೇ ನೋಡಿದ್ರು, ಅಷ್ಟು ಹತ್ರ ಬಂದಿದ್ವಿ. ಆಮೇಲೆ ಕೈ ಎತ್ತಿದ್ರು. ನಿಲ್ಲಿಸು ಅಂತಲ್ಲ. ಗುರುತಿನವರು ಕಂಡ್ರೆ ಎತ್ತಲ್ವಾ, ಹಾಗೆ.” ಅವನು ತನ್ನ ಬಲಗೈಯನ್ನು ಭುಜದ ತನಕ ಎತ್ತಿ ತೋರಿಸಿದ. “ನಾನೂ ಎತ್ತಿದೆ.”

ಗೋಂದು ಅಂಚಿನಲ್ಲಿ ತಿಳಿಯಾಗುತ್ತಿತ್ತು.

“ಹಾರ್ನಿಂದ ಕೈ ತೆಗೆದು ಎತ್ತಿದೆ ಅಮ್ಮ. ನಾನು ಎತ್ತಬೇಕು ಅಂತ ಎತ್ತಿದ್ದಲ್ಲ. ಯಾರಾದ್ರೂ ಕೈ ಎತ್ತಿದ್ರೆ ನಾವೂ ಎತ್ತುತ್ತೀವಲ್ಲ... ಹಾಗೇ ಹೋಯ್ತು ಕೈ.”

ನನ್ನ ಬಾಯಿ ತೆರೆದಿತ್ತು. ‘ಅಯ್ಯೋ, ಅದರಲ್ಲೇನು ತಪ್ಪು, ಯಾರಿದ್ದರೂ ಹಾಗೇ ಮಾಡುತ್ತಿದ್ದರು’ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಡಾಕ್ಟರ ಬೆರಳು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದೆ. ಕೈಯಾದರೂ ಹಿಡಿಯೋಣವೆಂದರೆ ಗೋಂದು. ಸುಮ್ಮನೆ ಅವನನ್ನೇ ನೋಡುತ್ತ ಕೂತೆ.

ಅವನು ಮುಗಿಸಿದನೆಂದುಕೊಂಡಿದ್ದೆ. ಮುಗಿದಿರಲಿಲ್ಲ. “ಎಲ್ರೂ ಕೇಳಿದ್ರು, ಹಾರ್ನ್ ಹೊಡೆದ್ಯಾ ಅಂತ. ಹೊಡೆದೆ ಅಂದೆ. ಸುಳ್ಳಲ್ಲ ಅದು. ಕೈ ಎತ್ತಿದ್ಯಾ ಅಂತ ಯಾರೂ ಕೇಳಲಿಲ್ಲ. ಯಾರು ಕೇಳ್ತಾರೆ? ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಅಂತಾರೆ. ಅದು ನನಗೆ ಗೊತ್ತು. ಇನ್ನೊಂದ್ಸಲ ಹಾರ್ನ್ ಹೊಡೆದಿದ್ರೂ ಅವರು ಉಳೀತಿರಲಿಲ್ಲ, ಅದೂ ಗೊತ್ತು. ತಪ್ಪಿನ ಮಾತಲ್ಲ ಇದು. ಅವರು ಕೊನೇಲಿ ನೋಡಿದ್ದು ನನ್ನ ಕೈ. ಇದನ್ನ ಎಲ್ಲಿ ಇಟ್ಟುಕೊಳ್ಳಲಿ?”

ಆಮೇಲೆ ಅತ್ತ. ತುಂಬ ಹೊತ್ತೇನಲ್ಲ. ತೋಳಿನಿಂದ ಮುಖ ಒರೆಸಿಕೊಂಡು, “ಒಣಗಿದೆ ನೋಡು” ಎಂದ.

ರಬ್ಬರನ್ನು ಹಿಡಿಯ ಕಡೆಯಿಂದ ಕೂರಿಸುತ್ತ ಹೋದ, ನಾನು ಲಟ್ಟಣಿಗೆ ಉರುಳಿಸುತ್ತ ಹೋದೆ, ಒತ್ತದೆ, ಮೆಲ್ಲಗೆ. ಅಂಚಿಗೆ ಹೆಚ್ಚಾದದ್ದನ್ನು ಅವನು ಕತ್ತರಿಯಿಂದ ಸುತ್ತ ಕತ್ತರಿಸಿದ. ಒಂದು ಗುಳ್ಳೆಯೂ ಇಲ್ಲ. ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ.

ಮಗ ಇಂಥ ಮಾತು ಹೇಳಿದಾಗ ತಾಯಿಯಾದವಳು ಒಂದಕ್ಷರ ಆಡಲಿಲ್ಲ. ಬೇರೆಯವರ ಮಕ್ಕಳಿಗೆ ದಿನವಿಡೀ ಗಾಜಿನ ತೂತಿನಿಂದ ಸಮಾಧಾನ ಹೇಳುತ್ತೇನೆ. ನನ್ನ ಮಗನಿಗೆ ಹೇಳಬೇಕಾದ ದಿನ ಗೊಂಬೆಯಂತೆ ಕೂತಿದ್ದೆ. ಏನೆಂದುಕೊಂಡನೋ.

ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡ. ಆಮೇಲೆ ಸಂಜೆಯವರೆಗೂ ಮಲಗಿದ್ದ. ಬಾಗಿಲು ಹಾಕಿರಲಿಲ್ಲ, ಸೆಖೆಯಿತ್ತು.

ಜುಲೈ 1, ಮಂಗಳವಾರ

ಹೊಸ ಬ್ಯಾಟು. ಚೆಂಡು ನಿಜವಾಗಿಯೂ ಒಂದು ಚೂರು ಹೊತ್ತು ಇರುತ್ತದೆ.

ಜುಲೈ 5, ಶನಿವಾರ

ಚಾಂಪಿಯನ್ ನನ್ನ ಬ್ಯಾಟನ್ನು ತಿರುಗಿಸಿ ತಿರುಗಿಸಿ ನೋಡಿ, “ಏನ್ ಮೇಡಂ ಇದು, ಎತ್ತಿನಗಾಡಿ ಆಯ್ತಲ್ಲ! ಹಿಂಗೈ ಕಡೆಗಾದ್ರೂ ಉದ್ದ ಗುಬಟಿನ ರಬ್ಬರ್ ಹಾಕಿಸಿ, ಚೆಂಡು ಹೇಗೆ ಬರುತ್ತೆ ಅಂತ ಗೊತ್ತಾಗದೆ ಎದುರಿನವರಿಗೆ ತಲೆ ಕೆಟ್ಟುಹೋಗುತ್ತೆ” ಎಂದರು. ಎದುರಿನವರ ತಲೆ ಕೆಡಿಸುವ ಆಸೆ ನನಗೇಕೆ? ನನ್ನದೇ ನೆಟ್ಟಗಾದರೆ ಸಾಕಾಗಿದೆ. ಎತ್ತಿನಗಾಡಿಯಲ್ಲೇ ಅವರೊಡನೆ ಆಡಿದೆ. ಸೋತೆ. ಆದರೆ ಒಂದು ಪಾಯಿಂಟಿಗೆ ಚೆಂಡು ಎಷ್ಟು ಸಲ ಆಚೆ ಈಚೆ ಹೋಗಿಬಂತೆಂದರೆ ಅವರು ಮಾತು ನಿಲ್ಲಿಸಿ ಉಸಿರು ಬಿಡುವಂತಾಯಿತು. “ಮೇಡಂ, ನೀವು ಕಾಯೋದು ಕಲ್ತುಬಿಟ್ರಿ” ಎಂದರು. ಏನು ಕಾಯುವುದೋ. ಚೆಂಡು ಬಂದ ಮೇಲೆ ಹೊಡೆಯುತ್ತೇನೆ, ಅಷ್ಟೆ. ಮುಂಚೆಯೂ ಹಾಗೇ ಮಾಡುತ್ತಿದ್ದೆನಲ್ಲ.

ಮಗ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಗಡ್ಡ ಬೋಳಿಸಿದ್ದಾನೆ. ಯಾರೂ ಹೇಳಿದ್ದಲ್ಲ.

ಜುಲೈ 10, ಗುರುವಾರ

ಹಾಲಿನಿಂದ ಬರುವಾಗ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂರುತ್ತೇವೆ. ಅವನು ಅಷ್ಟಿಷ್ಟು ಹೇಳುತ್ತಾನೆ. ಇವತ್ತು ಹೇಳಿದ್ದು: ಆ ವಯಸ್ಸಾದವರ ಕಾಲಲ್ಲಿ ಹೊಸ ಬೂಟುಗಳಿದ್ದವು. ನಿನ್ನೆ ಹೇಳಿದ್ದು: ಅಂದು ಬೆಳಿಗ್ಗೆ ದೊಡ್ಡ ಚಾಲಕರು ತಮ್ಮ ಮೊಮ್ಮಗುವಿನ ಹಲ್ಲಿನ ಕತೆ ಹೇಳಿ ನಗಿಸಿದ್ದರು, ನಗು ಇನ್ನೂ ಬಾಯಲ್ಲಿತ್ತು. ನಾನು ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಮುಗಿದ ಮೇಲೆ ಎದ್ದು ಮನೆಗೆ ಬರುತ್ತೇವೆ.

ಇವರಿಗೂ ಹೇಳಿದನಂತೆ, ಕೈ ಎತ್ತಿದ್ದನ್ನು. ಇವರು ಅಡುಗೆಮನೆಗೆ ಬಂದು, ಬೆನ್ನು ತಿರುಗಿಸಿ ನಿಂತು, ಒಂದು ಲೋಟವನ್ನು ಬಹಳ ಹೊತ್ತು ತೊಳೆದರು.

ಜುಲೈ 16, ಬುಧವಾರ

ಮಗ ರೈಲು ಕಚೇರಿಗೆ ಹೋಗಿಬಂದ. ದೂರದ ರೈಲು ಈಗಲೇ ಬೇಡ, ಕಚೇರಿಯ ಮೇಜೂ ಬೇಡ, ಕೆಲವು ತಿಂಗಳು ಯಾರ್ಡಿನಲ್ಲಿ ಡಬ್ಬಿಗಳನ್ನು ಜೋಡಿಸುವ ನಿಧಾನದ ಎಂಜಿನ್ ಕೊಡಿ ಎಂದು ಕೇಳಿದನಂತೆ. ಒಪ್ಪಿದರಂತೆ. ಹಾಗೊಂದು ಮೂರನೆಯ ದಾರಿ ಇದೆಯೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮುಂಚೆಯೇ ಹೊಳೆದಿದ್ದರೆ ನಾನೇ ದಿನಾ ಹೇಳಿ ಹೇಳಿ ಕಳಿಸುತ್ತಿದ್ದೆ.

“ಆಗದೇ ಇದ್ರೆ?” ಎಂದು ಇವರು ಕೇಳಿದರು.

“ಆಗದೇ ಇದ್ರೆ ಆಗಲ್ಲ ಅಂತ ಹೇಳ್ತೀನಪ್ಪ.”

ಜುಲೈ 21, ಸೋಮವಾರ

ಗಂಟು ಕರಗಿದೆ. ಒಂದು ಪೂರ್ತಿ ಹೋಗಿದೆ, ಇನ್ನೊಂದು ಸಾಸಿವೆಯಷ್ಟಿದೆಯಂತೆ. ಕತ್ತರಿಸುವುದು ಬೇಡ. “ಇನ್ನು ಮಾತಾಡಬಹುದು. ಕೂಗಬೇಡಿ ಅಷ್ಟೆ. ಎಲ್ಲಿ, ಏನಾದ್ರೂ ಹೇಳಿ ನೋಡೋಣ” ಎಂದರು ಡಾಕ್ಟರು.

ಆರು ವಾರದಿಂದ ಕೂಡಿಟ್ಟವಳು, ಏನು ಹೇಳುವುದೆಂದು ತೋಚಲಿಲ್ಲ. “ಹೂಂ” ಎಂದೆ. ನನ್ನದೇ ದನಿ. ಸ್ವಲ್ಪ ತಗ್ಗಿದೆ.

ಮಗ ಯಾರ್ಡಿನ ಕೆಲಸಕ್ಕೆ ಇವತ್ತೇ ಹೋದ. ಬೆಳಿಗ್ಗೆ ಇನ್ನೂ ನನ್ನ ಬಾಯಿ ಬಿಚ್ಚಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಕಾಣದಾದ.

ಜುಲೈ 25, ಶುಕ್ರವಾರ

ಮತ್ತೆ ಕಿಟಕಿಯಲ್ಲಿ. ಗಾಜಿನ ಹಿಂದೆ ಒಂದು ಸಣ್ಣ ಮೈಕು ಹಾಕಿಸಿಕೊಟ್ಟಿದ್ದಾರೆ, ಕೂಗುವ ಕೆಲಸ ತಪ್ಪಿತು. ಒಬ್ಬ ಹೆಂಗಸು ಗಂಡನ ವಯಸ್ಸು ಹೇಳಲು ಬಂದವಳು ವಯಸ್ಸು ಮರೆತು ಅವನು ಹೇಗೆ ಬಿದ್ದನೆಂದು ಹೇಳತೊಡಗಿದಳು. ಹಿಂದಿನವರು ಗೊಣಗಿದರು. ಅವಳು ಮುಗಿಸಿದ ಮೇಲೆ ವಯಸ್ಸು ಬರೆದುಕೊಂಡೆ. ಇವತ್ತು ಸಾಲು ಯಾಕೋ ನಿಧಾನ ಎಂದು ಮೇಲ್ವಿಚಾರಕರು ಕೇಳಿದರು. ಮೈಕು ಹೊಸದು ಎಂದೆ.

ಜುಲೈ 30, ಬುಧವಾರ

ರಬ್ಬರು ಒರೆಸಿ, ಮೇಲೆ ಧೂಳು ಕೂರದಂತೆ ಹಾಳೆ ಹಚ್ಚಿ, ಬ್ಯಾಟು ಚೀಲಕ್ಕೆ ಹಾಕಿ ಊಟಕ್ಕೆ ಕೂತೆ. ಮಗ ಯಾರ್ಡಿನ ಸುದ್ದಿ ಹೇಳುತ್ತಿದ್ದ. ಇವತ್ತು ಡಬ್ಬಿಗಳ ಹಿಂದಿನಿಂದ ಸಿಗ್ನಲ್ಲಿನವನು ಇದ್ದಕ್ಕಿದ್ದಂತೆ ಹಳಿ ದಾಟಿದನಂತೆ. ಬಹಳ ದೂರದಲ್ಲಿ, ಅಪಾಯವೇನೂ ಇರಲಿಲ್ಲವಂತೆ. ಆದರೂ ಇವನು ಎಂಜಿನ್ ನಿಲ್ಲಿಸಲು ಹೇಳಿ, ಇಳಿದು, ಡಬ್ಬಿಯ ನೆರಳಲ್ಲಿ ಸ್ವಲ್ಪ ಹೊತ್ತು ಕೂತನಂತೆ. ಚಾಲಕರು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರಂತೆ. “ಆಮೇಲೆ ಹತ್ತಿದೆ. ಸಂಜೆ ತನಕ ಮಾಡಿದೆ” ಎಂದ. ನಾಳೆಯೂ ಹೋಗುತ್ತಾನೆ. ನಾಡಿದ್ದರ ಮಾತು ಹೇಳಲಿಲ್ಲ. ಇನ್ನೂ ಏನೇನೋ ಹೇಳಿದ, ಅಲ್ಲಿಯ ನಾಯಿಯ ಸಂಗತಿ, ಡಬ್ಬಿಗಳನ್ನು ಕೂಡಿಸುವ ಕೊಕ್ಕೆಯ ಭಾರ. ಕೈ ಒಣಗಿಹೋಗುವ ತನಕ ಕೂತು ಹೇಳಿ, ತಟ್ಟೆ ಎತ್ತಿಕೊಂಡು ಎದ್ದುಹೋದ.

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. “ಯಾಕೇ, ಗಂಟಲು ಇನ್ನೂ ಸರಿಹೋಗಿಲ್ವಾ?” ಎಂದರು.

“ಸರಿಹೋಗಿದೆಯಲ್ಲ. ಡಾಕ್ಟರೇ ಹೇಳಿದ್ರಲ್ಲ.”

“ಮತ್ತೆ ಒಂದು ಮಾತೂ ಆಡಲಿಲ್ಲ ನೀನು?”

“ಅವನು ಹೇಳ್ತಾ ಇದ್ದನಲ್ಲ” ಎಂದೆ. ಇದರಲ್ಲಿ ಕೇಳುವುದೇನಿದೆಯೋ ನನಗೆ ತಿಳಿಯಲಿಲ್ಲ.